ಗುಲಾಬಿ ನಿಲ್ಲುವ ತನಕ

ಮೇ ತಿಂಗಳ ಕಲಬುರಗಿ. ಹತ್ತು ಗಂಟೆಗೇ
ಲ್ಯಾಬಿನ ಕಿಟಕಿ ಸರಳು ಮುಟ್ಟಿದರೆ ಚುರ್ ಎನ್ನುತ್ತದೆ.
ಟೇಬಲ್ಲಿನ ಮೇಲೆ ಸಾಲು ಬಾಟಲಿ, ಕೊರಳಿಗೆ ದಾರ,
ದಾರಕ್ಕೆ ಚೀಟಿ, ಚೀಟಿಯಲ್ಲಿ ಊರು:
ಜೇವರ್ಗಿ, ಸೇಡಂ, ಕಾಳಗಿ, ಯಡ್ರಾಮಿ.
ಟ್ರಾನ್ಸ್‌ಫಾರ್ಮರುಗಳ ಹೊಟ್ಟೆಯೊಳಗಿನ ಎಣ್ಣೆ.

ಹೊಸದಿದ್ದಾಗ ನೀರಿನ ಹಾಗೆ ತಿಳಿ.
ಕಾದು ಕಾದು ಜೇನಿನ ಬಣ್ಣ, ಆಮೇಲೆ ಚಹಾ,
ಆಮೇಲೆ ನೋಡಿದವರಿಗೇ ತಿಳಿಯುತ್ತದೆ.
ಆದರೆ ಕಚೇರಿಗೆ ಬಣ್ಣ ಬೇಡ, ಅಂಕಿ ಬೇಕು.
ಗಡಿಗೆಯ ಕುಸುಬಿ ಎಣ್ಣೆ ಕಮಟಾಯಿತೆಂದು
ಅವ್ವ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು.
ನನಗೆ ಅದಕ್ಕೆ ಬ್ಯೂರೆಟ್ ಬೇಕು. ಸಂಬಳ ಅದಕ್ಕೇ.

ಮಧ್ಯಾಹ್ನ ಲಾಡ್ಲೇಸಾಬ ಬಂದ,
ಅಫಜಲಪುರದ ಕಡೆಯ ಲೈನ್‌ಮ್ಯಾನ್.
ಟವೆಲ್ಲಿನಲ್ಲಿ ಸುತ್ತಿದ ಬಾಟಲಿಯನ್ನು
ಕೂಸು ಮಲಗಿಸಿದ ಹಾಗೆ ಇಳಿಸಿದ.
"ಹುಳಿ ಭಾಳ ಅದ ರೀ ಬಾಯಾರ, ನೀವೇ ನೋಡ್ರಿ.
ಈ ಟಿಸಿ ಇನ್ನ ಬಾಳಂಗಿಲ್ಲ. ಹೊಸಾದು ಬರದು ಬಿಡ್ರಿ."

ಎಣ್ಣೆಗೂ ಹುಳಿ ಉಂಟೆಂದು ಇವನಿಗೆ ಯಾರು ಹೇಳಿದರು?

ಬೆಳಕಿಗೆ ಹಿಡಿದೆ. ತಳದಲ್ಲಿ ಒಂದು ಬೆರಳು ನೀರು,
ಎಣ್ಣೆಯ ಜೊತೆ ಮಾತು ಬಿಟ್ಟು ಬೇರೆ ಕೂತಿದೆ.
ಅದರೊಳಗೆ ಬೆಳ್ಳಗೆ ಒಂದು ಬೀಜ.
ನಿಂಬೆಯದು.

ನಾನು ನಗಲಿಲ್ಲ. ಅವನು ಕಿಟಕಿಯ ಕಡೆ ತಿರುಗಿದ.
"ಮೂರು ವರ್ಷದಾಗ ನಾಕು ಸಲ ಸುಟ್ಟದ ರೀ,"
ಅಂದ, ಕಿಟಕಿಗೆ.
"ನಾಕೂ ಸಲ ತ್ಯಾಪಿ ಹಚ್ಚಿ ಕಳಸ್ಯಾರ.
ಗಿರಣಿ ಬಂದ್. ಜ್ವಾಳದ ಚೀಲ ತಲಿ ಮ್ಯಾಲಿಟ್ಟು
ಮಂದಿ ಬಾಜೂ ಊರಿಗಿ ಹೊಂಟಾರ.
ನನ್ನ ಮಗಳ ಹೆರಿಗಿ ಮೊಬೈಲ್ ಬೆಳಕಿನ್ಯಾಗ ಆತು."

ಮೇಲಿನ ಎಣ್ಣೆಯನ್ನಷ್ಟೇ ಹೀರಿ ತೂಗಿದೆ.
ದ್ರಾವಣ ಸುರಿದೆ, ಸೂಚಕ ಎರಡು ಹನಿ.
ಮೇಲಿನಿಂದ ಕ್ಷಾರ, ಹನಿ, ಮತ್ತೆ ಹನಿ.
ಬಿದ್ದಲ್ಲಿ ಒಂದು ಗುಲಾಬಿ ಮೂಡುತ್ತದೆ,
ಅಲುಗಾಡಿಸಿದರೆ ಇಲ್ಲ.
ಹುಳಿ ಇರುವಷ್ಟು ಹೊತ್ತು ಅದು ನಿಲ್ಲುವುದಿಲ್ಲ.
ನಿಂತರೆ ಹದಿನೈದು ಎಣಿಸಬೇಕು.
ಲಾಡ್ಲೇಸಾಬ ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತಿದ್ದ,
ಯಾರೂ ಹೇಳಿರಲಿಲ್ಲ ಅವನಿಗೆ.

ಹನ್ನೊಂದಕ್ಕೆ ಬಣ್ಣ ಹೋಯಿತೆ? ಇದೆಯೆ?
ಹಿಂದೆ ಬಿಳಿ ಕಾಗದ ಹಿಡಿದೆ.
ಈ ಕಣ್ಣಿಗೂ ಐವತ್ತೆರಡು ವರ್ಷ.
ಇನ್ನೊಂದು ಹನಿ ಬಿಟ್ಟರೆ ಗೆರೆ ಆಚೆ.
ಬಿಡದಿದ್ದರೆ ಈಚೆ.
ನಲ್ಲಿಯ ಮೇಲೆ ಬೆರಳು ಬೆವರಿತು.

ಮೂರು ಸಲ ಮಾಡಿದೆ.
ಮೂರು ಸಲವೂ ಈಚೆ, ಕೂದಲೆಳೆಯಷ್ಟು.
ಅಂಕಿಯನ್ನು ಇದ್ದ ಹಾಗೇ ಬರೆದೆ.
ಅವನು ಟವೆಲ್ ಮಡಚತೊಡಗಿದ.

ಪಕ್ಕದಲ್ಲಿ ಷರಾ ಎಂಬ ಅಂಕಣವಿದೆ.
ಇಪ್ಪತ್ತಾರು ವರ್ಷದಲ್ಲಿ ನಾನದನ್ನು ತುಂಬಿದ್ದು ಕಡಿಮೆ.
ಬರೆದೆ: ಮಾದರಿಯ ತಳದಲ್ಲಿ ನೀರು ಕಂಡಿದೆ.
ಸ್ಥಳಕ್ಕೆ ಹೋಗಿ ಪರಿಶೀಲಿಸುವುದು. ತುರ್ತು.
ನೀರು ಎಲ್ಲಿಯದೆಂದು ಬರೆಯಲಿಲ್ಲ.

ಅವನು ಹೋದ ಮೇಲೆ ಬಾಟಲಿ ತೊಳೆದೆ.
ಬೀಜ ಹರಿದು ಹೋಗಲಿಲ್ಲ,
ಸಿಂಕಿನ ಜಾಲರಿಗೆ ಅಂಟಿಕೊಂಡು
ಸಂಜೆಯ ತನಕ ಅಲ್ಲೇ ಇತ್ತು.