ಹದಿನೇಳನೆಯ ಚಮಚ

ಧಾರವಾಡದಾಗ ಮೂರು ದಿನ ಕಲಿಸಿ ಕಳಿಸಿದ್ರು:
ನೊರೆಯ ಪೇಸ್ಟು ಎರಡು ಕೇಜಿ, ತೆಂಗಿನ ದ್ರಾವಣ ಅರ್ಧ,
ನೀರು ಹದಿನೈದು ಲೀಟರ್,
ಕಡೀಕ ಉಪ್ಪು, ಇಪ್ಪತ್ತು ಚಮಚ.
ಬ್ಯಾಂಕಿನ ಚೆಕ್ಕಿನಂಗ
ಅಂಕಿಯೊಳಗೂ ಅಕ್ಷರದೊಳಗೂ ಬರಕೊಂಡು ಬಂದೆ.

ಬೆಟಗೇರಿಯ ಈ ತಗಡಿನ ಶೆಡ್ಡಿನಾಗ
ಮೊದಲು ಮಗ್ಗ ಇದ್ದವು. ಕುಣಿ ಇನ್ನೂ ಅದ.
ಅದರೊಳಗ ನೀಲಿ ಡ್ರಮ್ಮು ಇಳಿಸೀವಿ, ಅಲುಗಾಡಬಾರದಂತ.
ದಾವಲಬಿ ಹುಟ್ಟು ತಿರುವ್ತಾಳ,
ನಾನು ಎಣಸ್ತೀನಿ.

ಒಂದು. ಎರಡು. ನೀರು ಇನ್ನೂ ನೀರ.
ಕಲಿಸಿದ ಮೇಡಂ ಅಂದಿದ್ರು:
ನೊರೆಯ ಕಣಕ್ಕ ತಲಿ ಒಂದು, ಬಾಲ ಒಂದು,
ಬಾಲ ಜಿಡ್ಡಿನ ಕಡೆ, ತಲಿ ನೀರಿನ ಕಡೆ.
ತಲಿಗೆ ತಲಿ ಸೇರೂದಿಲ್ಲ;
ನಳ ಬಂದ ದಿನ ಪಾಳಿಗೆ ನಿಂತವರಂಗ
ಮೊಳಕೈ ಚಾಚಿ ನಿಂತಿರ್ತಾವ.
ತೆಂಗಿನದು ನಡುವ ಹೊಕ್ಕು ಸ್ವಲ್ಪ ಒತ್ತಿ ಕೂಡಿಸ್ತದ.
ಉಳಿದದ್ದು ಉಪ್ಪಿನ ಕೆಲಸ. ಅದು ಯಾರ ಪರವೂ ಅಲ್ಲ,
ಒಬ್ಬರ ಸಿಟ್ಟು ಇನ್ನೊಬ್ಬರಿಗೆ ಮುಟ್ಟದಂಗ
ನಡುವ ಕುಂತಿರ್ತದ, ಅಷ್ಟ.

ಹನ್ನೊಂದಕ್ಕ ಹುಟ್ಟು ಭಾರಾತು.
ಹದಿನಾರಕ್ಕ ಜೇನು.
ದಾವಲಬಿ ಬೆರಳದ್ದಿ ಎತ್ತಿದಳು, ಎಳಿ ಹರೀಲಿಲ್ಲ;
ಮಗ್ಗದವರ ಮನಿ ಮಗಳು, ಎಳಿ ನೋಡೂದು ಬಲ್ಲಳು.
"ಸಾಕು, ನಿಲ್ಸು" ಅಂದ್ಲು.
ನನ್ನ ವಹಿಯಾಗ ಇಪ್ಪತ್ತು ಇತ್ತು.

ಹದಿನೇಳು.

ಸಪ್ಪಳಿಲ್ಲ, ಏನಿಲ್ಲ. ಹುಟ್ಟು ಹಗುರಾತು.
ಜೇನು ಹೋಗಿ ಅಕ್ಕಿ ತೊಳೆದ ನೀರು.
ದಾವಲಬಿ ನನ್ನ ನೋಡಲಿಲ್ಲ,
ವಹಿ ನೋಡಿದಳು. ಆಕಿಗೆ ಓದಾಕ ಬರೂದಿಲ್ಲ.

ಆಮ್ಯಾಲೆ ಬೋರಿನ ನಳ ತಿರುವಿ, ಬೊಗಸಿಯೊಡ್ಡಿ
ಒಂದು ಗುಟುಕು ಬಾಯಾಗ ಹಿಡದು ಉಗುಳಿದಳು.
"ಇದರಾಗ ಮೊದಲ ಎಷ್ಟು ಚಮಚ ಅದಾವ,
ಅದನ್ನ ಯಾರು ಬರದಾರ?"

ಹೌದಲ್ಲ. ಚಾದ ಡಬರಿಯ ತಳಕ್ಕ ಬಿಳಿ ಪದರು,
ನಳದ ಬಾಯಿಗೆ ಸುಣ್ಣದ ಗಡ್ಡ,
ನಮ್ಮ ಓಣಿ ಹುಡುಗರ ಹಲ್ಲಿನ ಕಂದು ಗೆರಿ,
ಎಲ್ಲಾ ದಿನಾ ನೋಡಿದ್ದ.
ನೀರು ಅಂತ ಬರಕೊಂಡಿದ್ದೆ,
ಯಾವ ನೀರು ಅಂತ ಬರದಿರಲಿಲ್ಲ.

ಹನ್ನೊಂದನೇ ದಿನ ನಳ ಬಂತು.
ಹೊಳಿ ನೀರು ಅರ್ಧ ಕೊಡ, ಮ್ಯಾಲೆ ಅರ್ಧ ಕೇಜಿ ಪೇಸ್ಟು.
ಈ ಸಲ ಹುಟ್ಟು ಹಿಡದದ್ದು ನಾನು.
ಸಂಜೀಕ ತಿರುಗಿ ಭಾರಾತು.
ಸಿಕ್ಕಿಬಿದ್ದ ಗುಳ್ಳಿ ಮ್ಯಾಲೇಳಲಿ ಅಂತ
ಮುಚ್ಚಳ ಓರಿ ಮಾಡಿ ಎದ್ದಿವಿ.

ದಾವಲಬಿ ಇನ್ನೂ ಮಾತಾಡಿಲ್ಲ.
ಹೋಗುವಾಗ ಉಪ್ಪಿನ ಡಬ್ಬಿ ಎತ್ತಿ
ಒಂದು ಗೇಣು ಆಚೆ ಇಟ್ಟಳು,
ಡ್ರಮ್ಮಿನಿಂದಲ್ಲ, ನನ್ನಿಂದ.