ಹನ್ನೊಂದು ದಿನ ಮೂರನೆಯ ಮಹಡಿ

ಇಟ್ಟಿಗೆಗೆ ಹನ್ನೆರಡು ಸೆಂಟ್ ನನಗೆ.
ಒಂದು ಉಳಿ, ಒಂದು ಸುತ್ತಿಗೆ, ಮಡಚುವ ಕುರ್ಚಿ.
ಸುಣ್ಣದ ಗಾರೆಯ ಕಾಲದ ಇಟ್ಟಿಗೆ ಒಳ್ಳೆಯದು,
ತಟ್ಟಿದರೆ ಬಿಡುತ್ತದೆ,
ಸಿಮೆಂಟಿನ ಹಾಗೆ ಹಟ ಮಾಡುವುದಿಲ್ಲ.
ಕೆರೆದು, ಉಜ್ಜಿ, ಐನೂರೈನೂರು ಪೇರಿಸಿಟ್ಟರೆ
ಸಂಜೆಯ ಲಾರಿಯಲ್ಲಿ ಶಿಕಾಗೋಗೆ;
ಅಲ್ಲಿ ಯಾವುದೋ ಹೋಟೆಲಿನ ಹೊಸ ಗೋಡೆ
ಹಳೆಯದಾಗಿ ಕಾಣಬೇಕಂತೆ.

ಒಹಾಯೋ ನದಿಯ ದಂಡೆಯ ನಮ್ಮೂರಿನಲ್ಲಿ
ಹಾಕೆನ್‌ಬರ್ಗ್ ಬ್ಲಾಕ್ ಅಂದರೆ ಪೇಟೆಯ ನಡುಮೂಲೆ.
ಔಗುಸ್ಟ್ ಹಾಕೆನ್‌ಬರ್ಗ್ ಮೊಳೆ ಮಾರಿ ಮಾರಿ ಕಟ್ಟಿಸಿದ್ದು.
ಬೀದಿಯ ಕಡೆಗೆ ಮಾತ್ರ ಎರಕದ ಕಂಬ, ತಗಡಿನ ಬಳ್ಳಿ,
ಕಲ್ಲಿನ ಬಣ್ಣ ಬಳಿದು ಕಲ್ಲೆನಿಸಿದ್ದು;
ಹಿಂದೆ ಬೋಳು ಇಟ್ಟಿಗೆ.
ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಹಾಗೆ.

ಕೆಳಗೆ ಮೊಳೆ, ಬೀಗ, ನೇಗಿಲ ಕುಳ;
ಮಗನ ಕಾಲಕ್ಕೆ ಟೋಪಿ, ಕೈಗವಸು, ರಿಬ್ಬನ್ನು.
ರೊಕ್ಕ ಹಿತ್ತಾಳೆ ಡಬ್ಬಿಯಲ್ಲಿ ಕೂತು
ಕೊಳವೆಯೊಳಗೆ ಉಸ್ಸೆಂದು ಮೇಲಕ್ಕೆ ಹಾರಿ
ಚಿಲ್ಲರೆಯಾಗಿ ಇಳಿದು ಬರುತ್ತಿತ್ತು.
ಎರಡನೆಯದರಲ್ಲಿ ಹಲ್ಲಿನ ಡಾಕ್ಟರು,
ಪಕ್ಕದಲ್ಲೇ ಪಿಯಾನೋ ಕಲಿಸುವ ಮಿಸ್ ಟ್ರಿಂಬಲ್:
ಗೋಡೆಯ ಆ ಕಡೆ ಸ್ವರ, ಈ ಕಡೆ ಅಯ್ಯಯ್ಯೋ.
ಮೂರನೆಯದು ಡ್ಯಾನ್ಸ್ ಹಾಲ್.

ಲಿಫ್ಟು ನಡೆಸಿದವನು ಲೂಥರ್ ಪೆಟಿಗ್ರೂ.
ಮೂವತ್ತೊಂದು ವರ್ಷ, ಬೂದು ಕೋಟು, ಬಿಳಿ ಕೈಗವಸು.
ಹಿತ್ತಾಳೆ ಹಿಡಿ ತಿರುವಿ, ಜಾಲರಿ ಬಾಗಿಲು ಸರಿಸಿ
‘ಮೂರು’ ಅನ್ನುವನು.
ಇಳಿದು ಹೋಗುವರು: ಪೌಡರಿನ ಘಮ, ನಗು,
ಮೇಣ ತಿಕ್ಕಿದ ನೆಲದ ಮೇಲೆ ಹಿಮ್ಮಡಿಯ ಟಕಟಕ.
ಅವನು ಬಾಗಿಲೆಳೆದುಕೊಂಡು
ಕೆಳಗಿಳಿಯುವನು.
ಕಪ್ಪುಜನರಿಗೆ ಅಲ್ಲಿ ಕುಣಿತವಿರಲಿಲ್ಲ.
ಹಾಗಂತ ಬೋರ್ಡೂ ಇರಲಿಲ್ಲ,
ಬೋರ್ಡು ಬೇಕಾಗಿರಲಿಲ್ಲ.
ಅವನ ಹೆಂಡತಿ ಟೋಪಿ ಕೊಂಡರೆ
ತಲೆಗಿಟ್ಟು ನೋಡುವಂತಿಲ್ಲ,
ಅಳತೆಯ ದಾರ ತರಬೇಕು ಮನೆಯಿಂದ.

ಆಮೇಲೆ ಊರಾಚೆ ಹೆದ್ದಾರಿ ಬಂತು.
ಟೋಪಿ ಹೋಗಿ ಕಾರ್ಪೆಟ್ಟು, ಕಾರ್ಪೆಟ್ಟು ಹೋಗಿ ಹರಾಜು,
ಹರಾಜೂ ಹೋಗಿ ಪಾರಿವಾಳ.
ತಗಡಿನ ಬಳ್ಳಿ ಕಳಚಿ ಬಿದ್ದು
ಯಾರದೋ ಕಾರಿನ ಗಾಜೊಡೆದ ಮೇಲೆ
ನಗರಸಭೆಯವರು ಸಭೆ ಕರೆದರು.

ಉಳಿಸಿ ಅನ್ನುವವರು ಫೋಟೋ ತಂದಿದ್ದರು,
ಅಜ್ಜಿಯರ ಮದುವೆಯ ರಾತ್ರಿಯದು.
ಕೆಡವಿ ಅನ್ನುವವರು ಲೆಕ್ಕ ತಂದಿದ್ದರು.
ಅರ್ನೆಸ್ಟೀನ್, ಲೂಥರನ ಮಗಳು, ಎಪ್ಪತ್ತೊಂಬತ್ತು,
ಏನೂ ತಂದಿರಲಿಲ್ಲ. ಮೈಕಿಗೆ ಬಾಗಿ ಅಂದಳಂತೆ:
‘ಉಳಿಸಿ. ನಾನಿನ್ನೂ ಮೂರನೆಯ ಮಹಡಿ ನೋಡಿಲ್ಲ.’
ತಮಾಷೆಯೆಂದು ಯಾರೋ ನಕ್ಕರು.
ಐದಕ್ಕೆ ಎರಡು ಮತ. ಬ್ಯಾಂಕಿಗೆ ಕಾರು ನಿಲ್ಲಿಸಲು ಜಾಗ ಬೇಕಿತ್ತು.

ಯಂತ್ರ ಮುಂಭಾಗದಿಂದ ಕಚ್ಚತೊಡಗಿ
ನಾಲ್ಕನೆಯ ದಿನ
ಪಕ್ಕದ ಔಷಧಿ ಅಂಗಡಿಯ ಗೋಡೆ ಬಯಲಾಯಿತು.
ಒರಗಿ ನಿಂತದ್ದರ ಗುರುತೆಲ್ಲ ಅದರ ಮೈಮೇಲಿತ್ತು:
ಮೆಟ್ಟಿಲ ಅಂಕುಡೊಂಕು ಗೆರೆ,
ಡಾಕ್ಟರ ಬಿಳಿ ಟೈಲು,
ಎಲ್ಲಕ್ಕೂ ಮೇಲೆ, ಆಕಾಶಕ್ಕೆ ತಾಗಿ,
ಹಸಿರು ಕಾಗದ, ಕಾಗದದ ತುಂಬ ಬಂಗಾರದ ಕೊಕ್ಕರೆ.
ಒಂದು ಮೊಳೆ. ಮೊಳೆಗೆ ಕೋಟಿಲ್ಲದ ಹ್ಯಾಂಗರು,
ಗಾಳಿಗೆ ಅತ್ತಿತ್ತ.

ಅವಳು ಬಂದಳು. ನನ್ನ ಕುರ್ಚಿ ಕೊಟ್ಟೆ.
ಕತ್ತೆತ್ತಿ ಬಹಳ ಹೊತ್ತು ನೋಡಿ
‘ಕೊಕ್ಕರೆಯ ವಿಷಯ ಅಪ್ಪ ಹೇಳೇ ಇರಲಿಲ್ಲ’ ಅಂದಳು.
ಆಮೇಲೆ, ‘ಲಿಫ್ಟಿನ ಬಾಗಿಲಿಗೆ ಕಾಣುತ್ತಿತ್ತೋ ಇಲ್ಲವೋ.’

ಹನ್ನೊಂದು ದಿನ ಬಂದಳು,
ಒಮ್ಮೆ ಮರಿಮಗುವಿನೊಂದಿಗೆ, ಒಮ್ಮೆ ಮಳೆಯಲ್ಲಿ.
ಕಾಗದ ನೆಂದು, ಅಂಚು ಬಿಟ್ಟು,
ಒಂದೊಂದೇ ಹಕ್ಕಿ
ಹಾರಿತು ಅನ್ನೋಣವೆಂದರೆ ಇಲ್ಲ,
ಒದ್ದೆಯಾಗಿ ಕೆಳಗೆ ಬಿತ್ತು.
ಹನ್ನೆರಡನೆಯ ದಿನ ಔಷಧಿಯಂಗಡಿಯವನು
ಗೋಡೆಗೆ ಕೆನೆಬಣ್ಣ ಹೊಡೆಸಿದ.

ಈಗ ಅಲ್ಲಿ ಅರವತ್ತೆರಡು ಕಾರಿಗೆ ಜಾಗ.
ಒಂಬತ್ತೋ ಹತ್ತೋ ನಿಂತಿರುತ್ತವೆ.

ಲಿಫ್ಟಿನ ಹಿಡಿಯನ್ನು ಮೇಸ್ತ್ರಿ ಗುಜರಿಗೆ ಎಸೆದಿದ್ದ.
ತೂಕಕ್ಕೆ ಕೊಂಡೆ, ಎಪ್ಪತ್ತೈದು ಇಟ್ಟಿಗೆಯ ದುಡ್ಡು.
ಅವಳ ಕೈಗಿಟ್ಟಾಗ ಥ್ಯಾಂಕ್ಸ್ ಗೀಂಕ್ಸ್ ಏನೂ ಅನ್ನಲಿಲ್ಲ.
ಬೆರಳು ಸವೆಸಿದ ಜಾಗಕ್ಕೆ ಬೆರಳು ಕೂಡಿಸಿ ನೋಡಿದಳು.
‘ಎಡಕ್ಕೆ ತಿರುವಿದರೆ ಕೆಳಗೆ’ ಅಂದಳು,
ತಿರುವಲಿಲ್ಲ.