ಒಂದೇ ತಂತಿ

ಹಿತ್ತಾಳೆಯ ತೂಕಕ್ಕೆ ಬಂದಿತ್ತು ಅದು ಗುಜರಿ ಶಿದ್ರಾಮನ ತಕ್ಕಡಿಗೆ,
ಹೊಲಿಗೆಯಂತ್ರದ ಕಾಲು, ಎರಡು ಒಡಕು ಸ್ಟೋವಿನ ಜೊತೆ.
ಸಾಗವಾನಿ ಪೆಟ್ಟಿಗೆ, ತೊಗಲಿನ ಪಟ್ಟಿ. ಮುಚ್ಚಳದ ಒಳಗೆ
ಪಲ್ಟನ್ನಿನ ಹೆಸರಿದ್ದ ಜಾಗವನ್ನು ಯಾರೋ ಮೊಳೆಯಿಂದ ಕೆರೆದಿದ್ದರು.
"ಮೋಟರ್ ಸುತ್ತೂವಾಕಿ ನೀ, ಇದೇನಂತ ನೋಡವಾ," ಅಂದ.

ಬೆಟಗೇರಿಯ ನಮ್ಮ ಓಣಿಯಲ್ಲಿ ಸುಟ್ಟಿದ್ದೆಲ್ಲ ನನ್ನ ಅಂಗಡಿಗೆ ಬರುತ್ತದೆ,
ವಾರ್ನಿಷಿನ ಕರಕು ವಾಸನೆ ನನಗೆ ಹೊಸದಲ್ಲ.
ಇದರದು ಬೇರೆ: ಗೆದ್ದಲು, ಅರಗು, ಯಾರದೋ ಬೆವರು.
ಬಡಿಯುವ ಕರಿ ಗುಂಡಿಯ ಮೇಲೆ ಒಂದು ಬೆರಳಿನಷ್ಟು ಸವಕಳಿ.
ಮೊದಲ ವಾರ ಬರೀ ತೊಳೆದೆ. ಹುಣಸೆಹಣ್ಣು, ಸೀಮೆಎಣ್ಣೆ,
ಹಲ್ಲುಜ್ಜುವ ಹಳೆ ಬ್ರಷ್ಷು. ಕಿಲುಬು ಬಿಟ್ಟುಕೊಟ್ಟಿತು.
ಸುರುಳಿ ಬಿಟ್ಟುಕೊಡಲಿಲ್ಲ. ಒಳಗೆಲ್ಲೋ ಕಡಿದಿತ್ತು.
ಕೂದಲಿಗಿಂತ ಸಣ್ಣ ತಾಮ್ರ, ಮೇಲೆ ಹಸಿರು ರೇಷ್ಮೆಯ ಹೊದಿಕೆ;
ನನ್ನ ಯಂತ್ರಕ್ಕೆ ಹೊಸದನ್ನು ಕೊಟ್ಟರೆ ಮೂರನೇ ಸುತ್ತಿಗೇ ಫಟ್.

ಅವ್ವ ರಾಟಿಯ ಮುಂದೆ ಕೂತು ಸೀರೆಯ ಕಂಡಿಕೆ ಸುತ್ತುತ್ತಿದ್ದಳು.
"ಕೊಡಿಲ್ಲೆ," ಅಂದಳು. ತಾಮ್ರವನ್ನು ನೂಲಿನಂತೆಯೇ
ಎರಡು ಬೆರಳ ನಡುವೆ ಹಾಯಿಸಿದಳು, ಮೂರು ಮಧ್ಯಾಹ್ನ.
"ಎಷ್ಟು ಸುತ್ತು ಆದವಬೇ?"
"ಎಣಿಸಿದ್ರ ಕೈ ತಪ್ಪತೈತಿ. ಹೊಟ್ಟಿ ತುಂಬಿತಂದ್ರ ನಿಲ್ಲಸೂದು."
ಮೀಟರಿಗೆ ಹಚ್ಚಿದೆ. ಪೆಟ್ಟಿಗೆಯ ಚೀಟಿಯ ಅಂಕಿಗೆ
ಬರೀ ನಾಲ್ಕು ಓಮು ಕಡಿಮೆ.

ತಾರ್ ಆಫೀಸಿನಲ್ಲಿದ್ದ ಬಾಬಾಜಾನ ಮುಳಗುಂದ, ನಮ್ಮ ಕಾಕಾ, ಬಂದರು.
ಪೆಟ್ಟಿಗೆ ಮುಟ್ಟಲಿಲ್ಲ; ಮೊದಲು ಚಹಾ ಕುಡಿದರು.
ಎರಡನೇ ತಂತಿ ಎಲ್ಲಿಗೆ ಕಟ್ಟೋದು ಅಂತ ನಾನೇ ಕೇಳಿದೆ.
"ಎರಡನೇದು ಯಾಕ? ಹೋಗಾಕ ತಂತಿ, ಬರಾಕ ಭೂಮಿ.
ಗುಂಡು ಹಾರೂ ಹೊತ್ತಿನ್ಯಾಗ ಎರಡು ಹೊತ್ಕೊಂಡು ಓಡ್ತಾರೇನು?"
ಹಿತ್ತಲಲ್ಲಿ ಗೂಟ ಹೊಡೆದೆವು. ಎರಿಮಣ್ಣು ಬೇಸಿಗೆಗೆ ಬಾಯಿ ಬಿಟ್ಟಿತ್ತು,
ಕಬ್ಬಿಣ ಬಿರುಕಿನಲ್ಲಿ ಅಲ್ಲಾಡಿತು. ಉಪ್ಪು, ಮೇಲೆ ಒಂದು ಕೊಡ ನೀರು.
ನೆಲ ಗುಟುಗುಟು ಕುಡಿಯಿತು.
ಮುಳ್ಳು ಎದ್ದು ನಿಂತಿತು.

ಟಕ್.
ಟಕ್.
"ಇದರಾಗ ಗಿಡ್ಡ ಯಾವುದು, ಉದ್ದ ಯಾವುದು ಕಾಕಾ? ಎಲ್ಲಾ ಒಂದ ಸಪ್ಪಳ."
"ಸಪ್ಪಳ ಕೇಳಬ್ಯಾಡ. ಒಂದು ಟಕ್ಕಿಗೂ ಇನ್ನೊಂದಕ್ಕೂ
ನಡುವ ಸುಮ್ಮನಿರತೈತಲ್ಲ, ಅದನ್ನ ಕೇಳು. ಅಕ್ಷರ ಅಲ್ಲೈತಿ."
ಕೇಳಿದೆ. ಆಚೆ ಓಣಿಯ ಮಗ್ಗಗಳೂ
ನಡುನಡುವೆ ಸುಮ್ಮನಿದ್ದವು. ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ.

ತಂತಿಯ ಆ ತುದಿ ಗಟಾರದಾಚೆ ನೇಕಾರ ಪರಪ್ಪನ ಮನೆಯಲ್ಲಿ,
ಕರೆಗಂಟೆ ಬಿಚ್ಚಿ ಮಾಡಿದ ಇನ್ನೊಂದು ಟಕ್ಕು;
ಅವನ ಮೊಮ್ಮಗ ಪೆನ್ಸಿಲ್ ಹಿಡಿದು ಕಾದಿದ್ದ.
ಕಾಕಾ ಸವಕಳಿಯಲ್ಲಿ ಬೆರಳಿಟ್ಟರು.
ವಿಳಾಸ ಚುರುಕಾಗಿ ಹೋಯಿತು. ಆಮೇಲೆ ಕೈ ನಿಂತಿತು.
"ಮೂವತ್ತೆಂಟು ವರ್ಷ ಮಂದಿ ಮಾತು ದಾಟಿಸೀನಿ,
ಸತ್ತದ್ದು, ಹಡದದ್ದು, ಹತ್ತಿ ದರ. ಶಬ್ದ ಎಣಿಸಿ ರೊಕ್ಕ ತಗೊಂಡೀನಿ.
ನಂದಂತ ಒಂದು ಬರವಲ್ದು ನೋಡು."
ರಾಟಿ ನಿಲ್ಲಿಸದೆ ಅವ್ವ ಅಂದಳು:
"ಹಂಗಾರ ನಂದು ಕಳಸ್ರಿ. ಕಂಡಿಕಿ ಮುಗದಾವ, ಕೊಡ್ರಿ ನೂಲು."
"ನಾಲ್ಕು ಶಬ್ದ," ಕಾಕಾ ಎಣಿಸಿದರು, ಅಭ್ಯಾಸಬಲ.
ಇಂಗ್ಲಿಷ್ ಅಕ್ಷರ ತೊಟ್ಟುಕೊಂಡು ಅವ್ವನ ಮಾತು ಗಟಾರ ದಾಟಿತು.

ಹುಡುಗ ಓಡಿ ಬಂದ, ಕಂಕುಳಲ್ಲಿ ಲಡಿ, ಕೈಯಲ್ಲಿ ಚೀಟಿ:
"ನೂಲು ಅಲ್ಲ ಕಾಕಾ, ನುಲಿ ಅಂತ ಬಂತು!"
ಕಡೆಯ ಉದ್ದ ಗೆರೆಯೊಂದು ದಾರಿಯಲ್ಲೇ ಉಳಿದಿತ್ತು.
ಲಡಿ ಅವ್ವನ ಮಡಿಲಿಗೆ ಬಿತ್ತು; ಅವಳಿಗೆ ಆ ಲೆಕ್ಕ ಬೇಕಿಲ್ಲ.
ನಾನು ಹಿತ್ತಲಿಗೆ ಹೋದೆ. ಗೂಟದ ಸುತ್ತ ಮಣ್ಣು ಆಗಲೇ ಆರಿ
ಅಂಚಿನಲ್ಲಿ ಉಪ್ಪು ಬೆಳ್ಳಗೆ ಎದ್ದಿತ್ತು.
ಇನ್ನೊಂದು ಕೊಡ.